ಮಾಜಾಳಿ ಗೇಟಿನಲ್ಲಿ ಡಿಕ್ಕಿ ತೆರೆದಾಗ

ಗೋವಾದ ಕಾಣಕೋಣ ಹಿಂದೆ ಬಿತ್ತು. ಏಪ್ರಿಲ್ ತಿಂಗಳ ಭಾನುವಾರ, ರಾತ್ರಿ ಹತ್ತರ ಮೇಲಾಗಿದೆ. ನೀವು ಡ್ರೈವರ್ ಪಕ್ಕದ ಸೀಟಿನಲ್ಲಿದ್ದೀರಿ. ಕಿಟಕಿ ಇಳಿಸಿದ ಕೂಡಲೇ ಗೇರುಹಣ್ಣಿನ ಹುಳಿ ವಾಸನೆ ಮುಖಕ್ಕೆ ಬಡಿಯುತ್ತದೆ. ಲೋಲಿಯೆಂ ಕಡೆಯ ಗುಡ್ಡಗಳಲ್ಲಿ ಇದು ಹಣ್ಣು ತುಳಿದು, ರಸ ಹಿಂಡಿ, ಉರಾಕ್ ಎಂಬ ಮದ್ಯ ಇಳಿಸುವ ಕಾಲ. ಹಿಂದಿನ ಸೀಟುಗಳಲ್ಲಿ ನಿಮ್ಮ ನಾಲ್ವರು ಗೆಳೆಯರು. ಬಿಸಿಲು, ಉಪ್ಪುನೀರು, ನಿದ್ದೆಗೇಡು ಎಲ್ಲ ಸೇರಿ ಅವರ ದನಿ ಒಡೆದಿದೆ, ಹಾಡು ಮಾತ್ರ ನಿಂತಿಲ್ಲ. ಗಾಡಿ ಹುಬ್ಬಳ್ಳಿಯದು, ಹಳದಿ ಬೋರ್ಡಿನ ಬಾಡಿಗೆ ಇನ್ನೋವಾ. ಡ್ಯಾಶ್‌ಬೋರ್ಡಿನ ಮೇಲೆ ಸಿದ್ಧಾರೂಢರ ಸಣ್ಣ ಫೋಟೊ, ಪಕ್ಕದಲ್ಲಿ ಬಾಡಿದ ಮಲ್ಲಿಗೆ. ಡ್ರೈವರಣ್ಣ ಇನ್ನೂ ಊಟ ಮಾಡಿಲ್ಲ. ಕಾರವಾರ ದಾಟಿ ಅಂಕೋಲಾದಲ್ಲಿ ಉಂಡು, ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರದ ಮೇಲೆ ಬೆಳಗಾಗುವುದರೊಳಗೆ ಮನೆ ಸೇರುವ ಲೆಕ್ಕ ಅವರದು.

ಗೋವಾ ಮುಗಿಯುವುದು ಪೋಳೆಂನಲ್ಲಿ. ರಸ್ತೆಯ ಪಕ್ಕ ಬಾರು, ವೈನ್ ಶಾಪುಗಳ ದೀಪ ಕಾಣುತ್ತಲೇ ಹಿಂದಿನಿಂದ ದನಿ ಬರುತ್ತದೆ. “ಅಣ್ಣಾ, ಐದ ನಿಮಿಷ ನಿಂದ್ರಸ.”

ಡ್ರೈವರಣ್ಣ ಗಾಡಿ ಬದಿಗೆ ಹಾಕಿ, ಮುಖ ತೊಳೆದು ಚಹಾ ಕುಡಿಯಲು ಆಚೆ ಹೋಗುತ್ತಾರೆ. ನೀವು ಕಾಲು ಚಾಚಲು ಇಳಿದಿದ್ದೀರಿ. ಡಿಕ್ಕಿ ತೆರೆಯುವುದನ್ನು ನೋಡುತ್ತೀರಿ. ಮಡಗಾಂವ್‌ನಲ್ಲಿ ಕೊಂಡ ಬಾಟ್ಲಿಗಳ ಬ್ಯಾಗು ಮೊದಲೇ ಅಲ್ಲಿದೆ, ಮೇಲೆ ಒದ್ದೆ ಚಡ್ಡಿ, ಮರಳು ಹತ್ತಿದ ಟವೆಲ್ಲು. ಈಗ ಇನ್ನೊಂದು ರಟ್ಟಿನ ಪೆಟ್ಟಿಗೆ ಬಂತು. ಅದನ್ನು ಬಿಚ್ಚಿ ಒಂದೊಂದೇ ಬಾಟ್ಲಿಯನ್ನು ಹಿಂದಿನ ಸೀಟಿನ ಅಡಿ, ಬಟ್ಟೆಯ ನಡುವೆ, ಗೋಡಂಬಿ ಪೊಟ್ಟಣಗಳ ಕೆಳಗೆ ತುರುಕುತ್ತಾರೆ. ಫೆನ್ನಿಯನ್ನು ನೀರಿನ ಬಾಟ್ಲಿಗಳಿಗೆ ಸುರಿದಾಗಿದೆ.

“ಡ್ರೈವರಣ್ಣಗ ಹೇಳೂಣಲ್ಲ?” ಎಂದು ಕೇಳುತ್ತೀರಿ.

“ಯಾಕ ಸುಮ್ನ ಅಂವಗ ತಲಿಬಿಸಿ? ಎಲ್ಲಾರೂ ಒಯ್ತಾರ ಬಿಡಪಾ.”

ನೀವು ಸುಮ್ಮನಾಗಿ ಮುಂದಿನ ಸೀಟಿಗೆ ಬಂದು ಕೂರುತ್ತೀರಿ.

ಮುಂದೆ ಕೆಂಪು ದೀಪಗಳ ಸಾಲು. ಗೋವಾದಿಂದ ಮರಳುವ ವಾರಾಂತ್ಯದ ಗಾಡಿಗಳೆಲ್ಲ ಮಾಜಾಳಿ ಚೆಕ್‌ಪೋಸ್ಟಿನ ಮುಂದೆ ತೆವಳುತ್ತಿವೆ. ಈ ಜಾಗ ಬೇರೆಯೇ ಬಗೆಯ ಗಡಿಯಾಗಿದ್ದ ಕಾಲ ತೀರ ಹಳೆಯದೇನಲ್ಲ. 1961ರ ಡಿಸೆಂಬರ್ 19ರವರೆಗೆ ಆಚೆ ಇದ್ದದ್ದು ಪೋರ್ಚುಗೀಸರ ಆಡಳಿತ. ಈಚೆಗೆ 1956ರವರೆಗೆ ಮುಂಬಯಿ ರಾಜ್ಯ, ಅಲ್ಲಿ 1949ರ ಕಾಯ್ದೆಯ ಪ್ರಕಾರ ಪಾನನಿಷೇಧ. ಒಂದು ಕಡೆ ಬೇಕಾದಷ್ಟು ಮದ್ಯ, ಇನ್ನೊಂದು ಕಡೆ ಹನಿಯೂ ಇಲ್ಲ, ನಡುವೆ ಗುಡ್ಡ, ಖಾಡಿ, ಗೇರುತೋಟ. ಮದ್ಯದ ಜೊತೆಗೆ ಚಿನ್ನ, ಕೈಗಡಿಯಾರಗಳೂ ಗೋವಾದಿಂದ ಕಳ್ಳದಾರಿ ಹಿಡಿದು ಭಾರತಕ್ಕೆ ಬರುತ್ತಿದ್ದವು. ಗೋವಾ ಭಾರತಕ್ಕೆ ಸೇರಿತು, ಕಾರವಾರ ಕನ್ನಡನಾಡಿಗೆ ಸೇರಿತು. ದೇಶದ ಗಡಿ ಹೋಯಿತು, ಸುಂಕದ ಗಡಿ ಮಾತ್ರ ಉಳಿಯಿತು.

ಉಳಿದದ್ದಕ್ಕೆ ಕಾರಣ ಸಂವಿಧಾನದಲ್ಲೇ ಇದೆ. ಮದ್ಯ ರಾಜ್ಯಪಟ್ಟಿಯ ವಿಷಯ, ಅದರ ಸುಂಕವೂ ರಾಜ್ಯದ್ದೇ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ವಾಣಿಜ್ಯ ತೆರಿಗೆಯ ಗೇಟುಗಳು ದೇಶದುದ್ದಕ್ಕೂ ಮುಚ್ಚಿದವು. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗೇ ಉಳಿಯಿತು, ಹಾಗಾಗಿ ಅಬಕಾರಿ ಗೇಟುಗಳೂ ಉಳಿದವು. ಕರ್ನಾಟಕದಲ್ಲಿ ಸುಂಕ ಹೆಚ್ಚು. 2023ರ ಜುಲೈ ಬಜೆಟ್ಟಿನಲ್ಲಿ ಭಾರತೀಯ ಮದ್ಯದ ಎಲ್ಲ 18 ಸ್ಲ್ಯಾಬ್‌ಗಳ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 20ರಷ್ಟು ಹೆಚ್ಚಿತು. ಬಿಯರ್ ಮೇಲಿನದು ಶೇ 175ರಿಂದ 185ಕ್ಕೆ ಹೋಯಿತು. ಗೋವಾದಲ್ಲಿ ಸುಂಕ ಕಡಿಮೆ. ಒಂದೇ ಬ್ರ್ಯಾಂಡಿನ ಬಾಟ್ಲಿಗೆ ಪೋಳೆಂನಲ್ಲಿ ಒಂದು ಬೆಲೆ, ಕಾಳಿ ನದಿ ದಾಟಿ ಕಾರವಾರಕ್ಕೆ ಬಂದರೆ ಇನ್ನೊಂದು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿದೆ. ದಿನಗೂಲಿಯಲ್ಲಿ ಕುಡಿಯುವವನಿಗೆ ಉಳಿದದ್ದು ಸುಂಕ ತೆತ್ತ ಕ್ವಾರ್ಟರು ಅಥವಾ ಗಡಿ ದಾಟಿ ಬಂದ ಅಗ್ಗದ ಮಾಲು. ಆ ಅಂತರದಲ್ಲೇ ಒಂದು ದಂಧೆ ಬದುಕಿದೆ. ಇಲ್ಲಿ ಮಾಜಾಳಿ, ಮೇಲೆ ಅನಮೋಡ, ಚೋರ್ಲಾ ಘಾಟಿನ ದಾರಿಯಲ್ಲಿ ಕಣಕುಂಬಿ: ಘಟ್ಟದ ಮೇಲೂ ಕೆಳಗೂ ಇದೇ ಕಥೆ.

ನಿಮ್ಮ ಮುಂದೆ ಒಂದು ಮೀನಿನ ಪಿಕಪ್ ನಿಂತಿದೆ. ಐಸು ಕರಗಿ ಹಿಂದಿನಿಂದ ನೀರು ತೊಟ್ಟಿಕ್ಕುತ್ತಿದೆ. ಗಾರ್ಡು ಟಾರ್ಚು ಹಿಡಿದು ಅದರ ಸುತ್ತ ಒಂದು ಸುತ್ತು ಬಂದರು. ಮೀನಿನ ಕ್ರೇಟುಗಳ ಕಡೆ ಅವರ ಕಣ್ಣಿಲ್ಲ, ಹಿಂದಿನ ಚಕ್ರದ ಮೇಲಿದೆ. ಅರ್ಧ ಖಾಲಿ ಗಾಡಿಯ ಪ್ಲೇಟುಗಳು ಇಷ್ಟು ತಗ್ಗಬಾರದು. ಕಬ್ಬಿಣದ ಸರಳಿನಿಂದ ತಳ ತಟ್ಟುತ್ತಾರೆ. ಮುಂದೆ ತಟ್ಟಿದಾಗ ಬಂದ ಸದ್ದು ಬೇರೆ, ಹಿಂದೆ ಬಂದದ್ದು ಬೇರೆ. ಆಮೇಲೆ ಅಳತೆ: ಹೊರಗಿನಿಂದ ತೊಟ್ಟಿಯ ಆಳ ಎಷ್ಟು, ಒಳಗಿನಿಂದ ಎಷ್ಟು. ಹೊಂದುವುದಿಲ್ಲ. ಕ್ರೇಟುಗಳನ್ನು ಇಳಿಸಿ ತಗಡು ಬಿಚ್ಚಿದರೆ ಅದರಡಿ ಇನ್ನೊಂದು ತಗಡು. ಎರಡರ ನಡುವೆ ಕ್ವಾರ್ಟರ್ ಬಾಟ್ಲಿಗಳು, ಗೂಡಿನಲ್ಲಿ ಜೋಡಿಸಿದ ಇಟ್ಟಿಗೆಯ ಹಾಗೆ ಒತ್ತೊತ್ತಾಗಿ. ಪ್ರತಿಯೊಂದರ ಮೇಲೂ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂಬ ಇಂಗ್ಲಿಷ್ ಸಾಲು.

ಪಿಕಪ್ ಓಡಿಸುತ್ತಿದ್ದವನಿಗೆ ಮೀಸೆ ಈಗಷ್ಟೇ ಬರುತ್ತಿದೆ. ಒಂದು ಕಡೆ ಕೀಲಿ ಕೊಟ್ಟರು, ಇನ್ನೊಂದು ಕಡೆ ನಿಲ್ಲಿಸಿ ಹೋಗು ಅಂದರು, ಅಷ್ಟೇ ಗೊತ್ತು ಅನ್ನುತ್ತಾನೆ. ನಿಜವೋ ಸುಳ್ಳೋ ನಿಮಗೆ ತಿಳಿಯದು. ಆದರೆ ತಗಡಿನ ಕೆಳಗೆ ಹಣ ಹೂಡಿದವನು ಈ ಹೊತ್ತಿಗೆ ಈ ದೀಪದಡಿ ನಿಂತಿಲ್ಲ ಎಂಬುದು ಕಣ್ಣಿಗೇ ಕಾಣುತ್ತಿದೆ.

ಹಿಂದಿನ ಸೀಟಿನಲ್ಲಿ ಹಾಡು ನಿಂತಿದೆ.

“ಡಿಕ್ಕಿ ತೆಗೀರಿ.”

ಡ್ರೈವರಣ್ಣ ನಿರಾಳವಾಗಿ ಇಳಿಯುತ್ತಾರೆ. ನಿಮಗೆ ಸಂಕಟವಾಗುವುದು ಅವರ ಆ ನಿರಾಳವನ್ನು ನೋಡಿ. “ಏನೂ ಇಲ್ರಿ ಸಾಹೇಬ್ರ, ಹುಡ್ರು ತಿರುಗಾಡಾಕ ಬಂದಿದ್ರು, ಅರವಿ ಅದಾವ ಅಷ್ಟ” ಎನ್ನುತ್ತ ತಾವೇ ಬಾಗಿಲೆತ್ತುತ್ತಾರೆ. ಗಾರ್ಡು ಟವೆಲ್ಲು ಸರಿಸುತ್ತಾರೆ. ಗಾಜಿಗೆ ಗಾಜು ತಾಗಿದ ಸದ್ದು ಮುಂದಿನ ಸೀಟಿನವರೆಗೆ ಕೇಳಿಸುತ್ತದೆ. ಬ್ಯಾಗು ಹೊರಬಂತು, ಸೀಟಿನ ಅಡಿಯ ಬಾಟ್ಲಿಗಳು ಬಂದವು. ನೀರಿನ ಬಾಟ್ಲಿಯ ಮುಚ್ಚಳ ತಿರುವಿ ಮೂಸಿ ನೋಡಿ ಅದನ್ನೂ ಸಾಲಿಗೆ ಇಟ್ಟರು.

“ಯಾರ್ದು ಇದು?”

ಯಾರೂ ಮಾತಾಡುವುದಿಲ್ಲ. ಡ್ರೈವರಣ್ಣ ನಿಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡುತ್ತಾರೆ. ಎಲ್ಲರಿಗಿಂತ ಹೆಚ್ಚು ಹೊತ್ತು ನಿಮ್ಮನ್ನು ನೋಡುತ್ತಾರೆ, ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತು ಅವರ ಮಗಳ ಶಾಲೆಯ ಸುದ್ದಿ ಕೇಳಿದವರು ನೀವೇ ಅಲ್ಲವೇ? ಕೊನೆಗೆ ಒಬ್ಬ ಗೆಳೆಯ ಮುಂದೆ ಬಂದು, “ನಮ್ದ ರಿ, ಬಿಲ್ ಐತಿ” ಎಂದು ಮಡಚಿದ ಕಾಗದ ತೋರಿಸುತ್ತಾನೆ. ಅಧಿಕಾರಿ ಓದಿ ಮರಳಿಸುತ್ತಾರೆ. ಸಿಟ್ಟಿಲ್ಲದೆ ವಿವರಿಸುತ್ತಾರೆ: ಈ ಬಿಲ್ಲು ಗೋವಾಕ್ಕೆ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ, ಕರ್ನಾಟಕದ ಸುಂಕ ಕಟ್ಟಿದ್ದಕ್ಕಲ್ಲ. ಇಲ್ಲಿಯ ಲೆಕ್ಕದಲ್ಲಿ ಇದು ಸುಂಕ ಕಟ್ಟದ ಮದ್ಯ.

ಪಂಚನಾಮೆ ಶುರುವಾಗುತ್ತದೆ. ಇಬ್ಬರು ಪಂಚರನ್ನು ಕರೆಸುತ್ತಾರೆ. ಬಾಟ್ಲಿ ಎಣಿಸಿ, ಅಳತೆ ಕೂಡಿಸಿ, ಬ್ರ್ಯಾಂಡಿನ ಹೆಸರು, ಬ್ಯಾಚ್ ನಂಬರು ಬರೆದುಕೊಳ್ಳುತ್ತಾರೆ. ಪ್ರಯೋಗಾಲಯಕ್ಕೆ ಕಳಿಸಲು ಮಾದರಿ ತೆಗೆದು ಅರಗಿನ ಮುದ್ರೆ ಒತ್ತುತ್ತಾರೆ. ಗಾಡಿಯ ನಂಬರು, ಚಾಸಿ ನಂಬರು, ಆರ್‌ಸಿ, ಪರ್ಮಿಟ್ಟು. ಸೊಳ್ಳೆ ಕಡಿಯುತ್ತಿವೆ, ಬನಿಯನ್ನು ಬೆನ್ನಿಗೆ ಅಂಟಿದೆ. ಡ್ರೈವರಣ್ಣ ಅಲ್ಲೇ ಕಲ್ಲಿನ ಮೇಲೆ ಕೂತು ಮನೆಗೆ ಫೋನ್ ಮಾಡುತ್ತಾರೆ. ಸಾಲದ ಕಂತಿನ ತಾರೀಖು, ಬುಧವಾರದ ಮದುವೆ ಬಾಡಿಗೆ, ಯಾರಿಗೆ ಹೇಳಿ ಬೇರೆ ಗಾಡಿ ಕಳಿಸುವುದು. ದನಿ ಏರಿಸದೆ ಮಾತಾಡುತ್ತಾರೆ. ಆಚೆಯಿಂದ ಹೆಣ್ಣುದನಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು ನಿಮಗೂ ಕೇಳಿಸುತ್ತದೆ.

“ನಮ್ದು ಅಂತ ಒಪ್ಪಿಕೊಂಡೀವಲ್ರಿ, ಗಾಡಿ ಬಿಡ್ರಿ” ಎಂದು ಗೆಳೆಯ ಗೋಗರೆಯುತ್ತಾನೆ. ಅದು ಅಧಿಕಾರಿಯ ಕೈಯಲ್ಲಿ ಇಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರಲ್ಲಿ ಅಕ್ರಮ ಮದ್ಯ ಸಾಗಿಸಿದ ವಾಹನವನ್ನೇ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿದೆ. ಮೊದಲು ನೋಟಿಸು, ಆಮೇಲೆ ವಿಚಾರಣೆ. ತಪ್ಪಿಸಿಕೊಳ್ಳುವ ದಾರಿ ಮಾಲೀಕನಿಗೆ ಒಂದಿದೆ, ಅದು ಬಹಳ ಕಿರಿದು. ತನಗಾಗಲಿ, ಗಾಡಿ ಯಾರ ವಶದಲ್ಲಿತ್ತೋ ಅವರಿಗಾಗಲಿ ಗೊತ್ತಿರಲಿಲ್ಲ ಎಂದರೆ ಸಾಲದು. ಇಂಥದ್ದು ಆಗದಂತೆ ತೆಗೆದುಕೊಳ್ಳಬೇಕಾದ ಎಲ್ಲ ಎಚ್ಚರಿಕೆಯನ್ನೂ ತೆಗೆದುಕೊಂಡಿದ್ದೆವು ಎಂದು ಅವನೇ ಸಾಬೀತು ಮಾಡಬೇಕು. ಬಾಡಿಗೆಗೆ ಬಂದವರ ಒದ್ದೆ ಬಟ್ಟೆಯ ಚೀಲವನ್ನು ಯಾವ ಡ್ರೈವರ್ ಬಿಚ್ಚಿಸಿ ನೋಡಿಯಾನು? ನೋಡುತ್ತೇನೆ ಎಂದರೆ ಮುಂದಿನ ಸಲ ಆ ಗಾಡಿಯನ್ನು ಯಾರು ಕರೆದಾರು? ಈ ಡ್ರೈವರಣ್ಣನ ಹಾಗೆ ಮಾಲೀಕನೂ ತಾನೇ, ಡ್ರೈವರೂ ತಾನೇ ಆದವನಿಗೆ ಎರಡು ಕಡೆಯ ಹೊರೆಯೂ ಒಂದೇ ಹೆಗಲಿಗೆ. ಕಾನೂನು ಕಟ್ಟುನಿಟ್ಟಾಗಿರುವುದು ಆ ಪಿಕಪ್ಪಿನಂಥ ಗಾಡಿಗಳ ಸಲುವಾಗಿ, ಅದು ಬೇಕಾದದ್ದೇ. ಆದರೆ ಅದೇ ಹಗ್ಗ ಈ ಇನ್ನೋವಾದ ಕೊರಳಿಗೂ ಬೀಳುತ್ತದೆ.

ಬೆಳಗಿನ ಜಾವ ಗಾಡಿಯನ್ನು ಅಬಕಾರಿ ಆವರಣಕ್ಕೆ ಒಯ್ಯುತ್ತಾರೆ. ನೀವೂ ಹಿಂದೆ ಹೋಗುತ್ತೀರಿ. ಅಲ್ಲಿ ನಿಂತ ಸಾಲು ನೋಡಿ: ಮಾರುತಿ, ಸ್ಯಾಂಟ್ರೊ, ಸ್ಕೂಟರು, ಮೀನಿನ ಲಾರಿ. ಟೈರು ಕೂತಿವೆ, ಬಾನೆಟ್ಟಿನ ಅಂಚುಗಳಲ್ಲಿ ತುಕ್ಕು ಹೆಪ್ಪುಗಟ್ಟಿದೆ, ಒಂದರ ಕಿಟಕಿಯೊಳಗಿಂದ ಬಳ್ಳಿ ಹೊರಬಂದಿದೆ. ಜಪ್ತಿಯಾದ ವಾಹನಗಳನ್ನು ಠಾಣೆಗಳಲ್ಲಿ ದೀರ್ಘಕಾಲ ಕೊಳೆಯಲು ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ, ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಆದರೆ ಅಬಕಾರಿ ಮುಟ್ಟುಗೋಲಿನ ವಿಚಾರಣೆಯ ದಾರಿ ಬೇರೆ, ಅದು ಮುಗಿಯುವವರೆಗೆ ಮಾಲೀಕ ಅಲೆಯಬೇಕು. ಸಮುದ್ರದ ಗಾಳಿ ಯಾವ ವಿಚಾರಣೆಗೂ ಕಾಯುವುದಿಲ್ಲ. ಉಪ್ಪು ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ.

ಒಪ್ಪಿಕೊಂಡ ಗೆಳೆಯನ ಮೇಲೆ ಕೇಸು ಬಿದ್ದಿದೆ. ಅವನ ಮನೆಯವರು ವಕೀಲರನ್ನು ಹಿಡಿದಾಗಿದೆ, ಅವನು ಜಾಮೀನಿನ ಮೇಲೆ ಬರುತ್ತಾನೆ, ಕೆಲಸಕ್ಕೂ ಹೋಗುತ್ತಾನೆ. ಉಳಿದವರು ಕಾರವಾರದ ಬಸ್ ಸ್ಟ್ಯಾಂಡಿನಿಂದ ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ಡ್ರೈವರಣ್ಣನ ಹೆಸರೂ ಕೇಸಿನಲ್ಲಿದೆ, ಗಾಡಿ ಅವರ ಕೈಯಲ್ಲಿಲ್ಲ. ಫೈನಾನ್ಸಿನವರಿಗೆ ಗಾಡಿ ಎಲ್ಲಿ ನಿಂತಿದೆ ಎಂಬುದರ ಚಿಂತೆಯಿಲ್ಲ, ಕಂತು ಮಾತ್ರ ತಾರೀಖಿಗೆ ಬರಬೇಕು.

ಗೋವಾಕ್ಕೆ ಹೋಗಿ ಬನ್ನಿ. ಕುಡಿಯುವವರಾದರೆ ಅಲ್ಲೇ ಕುಡಿದು, ಅಲ್ಲೇ ಮುಗಿಸಿ. ಗೆಳೆಯರು ಬಾಡಿಗೆ ಗಾಡಿಯ ಡಿಕ್ಕಿಗೆ ಬಾಟ್ಲಿ ಇಡುವುದನ್ನು ಕಂಡರೆ ಪೋಳೆಂನಲ್ಲೇ ಬಾಯಿ ಬಿಡಿ, ಡ್ರೈವರಣ್ಣನನ್ನು ಕರೆದು ತೋರಿಸಿ, ಇಳಿಸಿಬಿಡಿ. ಬಾಟ್ಲಿಯ ಮೇಲೆ ಉಳಿಯುವ ನಾಲ್ಕು ಕಾಸು ನಿಮ್ಮದು, ಗಾಡಿ ಇನ್ನೊಬ್ಬರ ಮನೆಯ ಅನ್ನ.