ಕೆರೆಯುಣ್ಣುವ ಬೆಳಕು

ನೀರಿಗೂ ಒಂದು ಬೇಸಾಯವುಂಟೆಂದರೆ ನಮ್ಮಲ್ಲಿ ಅನೇಕರು ನಕ್ಕಾರು. ಉಳುವವನಿಲ್ಲ, ಬಿತ್ತುವವನಿಲ್ಲ, ಆದರೂ ಕೆರೆಯ ಮೇಲುಪದರದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕವಾದ ತೇಲುಸಸ್ಯಗಳು ಹಗಲೆಲ್ಲ ಬಿಸಿಲನ್ನುಂಡು, ನೀರಿನಲ್ಲಿ ಕರಗಿದ ಇಂಗಾಲಾಮ್ಲವನ್ನು ಅನ್ನವಾಗಿ ಮಾರ್ಪಡಿಸುತ್ತಿರುವುವು. ಮೀನು, ಕೊಕ್ಕರೆ, ಮೀನು ಮಾರಿ ಜೀವಿಸುವ ಸಂಸಾರಗಳು, ಎಲ್ಲವೂ ಈ ಬೆಳೆಯನ್ನೇ ನೆಚ್ಚಿಕೊಂಡಿವೆ.

ಈ ಬೆಳೆಯನ್ನು ಅಳೆಯುವ ಹಂಬಲ ನನಗೆ ಪುಸ್ತಕದಿಂದ ಹುಟ್ಟಿದುದಲ್ಲ. ನಮ್ಮೂರ ಕೆರೆಯನ್ನು ಮೀನಿಗಾಗಿ ಗುತ್ತಿಗೆ ಹಿಡಿದಿರುವ ಹಿರಿಯರೊಬ್ಬರು ಕಳೆದ ಬೇಸಗೆಯಲ್ಲಿ, “ಮೇಷ್ಟ್ರೇ, ನೀರು ಗಿಣಿಹಸುರಾಗಿದೆ. ಮೇವು ತುಂಬಿತೆಂದು ಸುಮ್ಮನಿರಲೋ, ಇದ್ದುದನ್ನು ಹಿಡಿದು ಮಾರಿಬಿಡಲೋ?” ಎಂದು ಕೇಳಿದರು. ಸಾಲ ಮಾಡಿ ಮರಿ ಬಿಟ್ಟವರ ಪ್ರಶ್ನೆಯಿದು, ವಿನೋದದ ಮಾತಲ್ಲ.

ಹಸುರು ಹೆಚ್ಚಿದಷ್ಟೂ ಬೆಳೆ ಹೆಚ್ಚೆಂಬುದು ಸಹಜವಾದ ಊಹೆ. ಪಂಡಿತರೂ ಬಹುಕಾಲ ಪತ್ರಹರಿತ್ತಿನ ಮೊತ್ತದಿಂದಲೇ ಉತ್ಪನ್ನವನ್ನು ಗುಣಿಸಿದರು. ಆದರೆ ಸಸ್ಯಕ್ಕೆ ಬೇಕಾದುದು ಬಣ್ಣವಲ್ಲ, ಆ ಬಣ್ಣವು ಹಿಡಿದುಕೊಟ್ಟ ಬೆಳಕು. ಆದುದರಿಂದ ಲೆಕ್ಕವನ್ನು ಮೂರು ಮೆಟ್ಟಿಲಾಗಿ ಕಟ್ಟುವುದು ಲೇಸು: ನೀರಿನೊಳಕ್ಕೆ ಇಳಿದ ಬೆಳಕೆಷ್ಟು, ಅದರಲ್ಲಿ ತೇಲುಸಸ್ಯಗಳ ಪಾಲಿಗೆ ಬಂದುದೆಷ್ಟು, ಬಂದುದರಲ್ಲಿ ಅನ್ನವಾದುದೆಷ್ಟು.

ಮೊದಲನೆಯದಕ್ಕೆ ಒಂದು ತಟ್ಟೆ ಸಾಕು. 1865ರಲ್ಲಿ ಇಟಲಿಯ ಖಗೋಳಜ್ಞ ಪಾದ್ರಿ ಆಂಜೆಲೊ ಸೆಕ್ಕಿ ಪೋಪರ ಹಡಗಿನಿಂದ ಬಿಳಿಯ ತಟ್ಟೆಗಳನ್ನು ಕಡಲಿಗಿಳಿಸಿ, ಅವು ಕಣ್ಮರೆಯಾಗುವ ಆಳವನ್ನು ಅಳೆದನು. ನಾನು ಹಳೆಯ ತಗಡಿನ ತಟ್ಟೆಯೊಂದಕ್ಕೆ ಕಪ್ಪು ಬಿಳುಪು ಬಳಿದು, ಹಗ್ಗಕ್ಕೆ ಕಟ್ಟಿ, ತೆಪ್ಪದಿಂದ ಇಳಿಬಿಟ್ಟೆನು. ಮೂವತ್ತು ಸೆಂಟಿಮೀಟರಿಗೆ ಅದು ಮಾಯವಾಯಿತು. ಪೂಲ್ ಮತ್ತು ಆಟ್ಕಿನ್ಸ್ ಎಂಬವರು 1929ರಲ್ಲಿ ಕೊಟ್ಟ ಸೂತ್ರದಂತೆ 1.7ನ್ನು ಮೀಟರಿನಲ್ಲಿ ಹೇಳಿದ ಈ ಆಳದಿಂದ ಭಾಗಿಸಿದರೆ ಬೆಳಕು ಕುಗ್ಗುವ ವೇಗ ದೊರೆಯುತ್ತದೆ. ಹಾಗೆ ನೋಡಲು, ಸುಮಾರು ಎಂಬತ್ತು ಸೆಂಟಿಮೀಟರಿನ ಕೆಳಗೆ ಬಿಸಿಲಿನ ನೂರರಲ್ಲೊಂದು ಪಾಲೂ ಉಳಿದಿರಲಿಲ್ಲ. ಕೆರೆಯ ಆಳವೋ ಮೂರು ಮೀಟರು!

ಎರಡನೆಯ ಮೆಟ್ಟಿಲು ಕಠಿಣ. ಬೆಳಕಿಗೆ ಪಾಲುದಾರರು ಬಹುಮಂದಿ. ನೀರು ತಾನೇ ಕೆಂಪನ್ನು ನುಂಗುತ್ತದೆ. ಕೊಳೆತ ಎಲೆಯಿಂದಿಳಿದ ಹಳದಿ ಕಷಾಯವು ನೀಲಿಯನ್ನು ಹೀರುತ್ತದೆ. ಪತ್ರಹರಿತ್ತಿಗೆ ಬೇಕಾದುದೂ ಈ ನೀಲಿ ಕೆಂಪುಗಳೇ. ಹಸುರನ್ನು ಅದು ಹೆಚ್ಚು ಮುಟ್ಟದು. ಕೆರೆ ನಮಗೆ ಹಸುರಾಗಿ ತೋರುವುದು ಆ ಎಂಜಲಿನಿಂದಲೇ. ಇಷ್ಟೇ ಅಲ್ಲ, ಒಂದೇ ತೂಕದ ಪತ್ರಹರಿತ್ತು ದೊಡ್ಡ ಕೋಶದಲ್ಲಿ ಒತ್ತೊತ್ತಾಗಿ ಅಡಕವಾಗಿದ್ದರೆ ಕಡಮೆ ಬೆಳಕನ್ನೂ, ಸಣ್ಣ ಕೋಶಗಳಲ್ಲಿ ಹರಡಿದ್ದರೆ ಹೆಚ್ಚು ಬೆಳಕನ್ನೂ ಹಿಡಿಯುತ್ತದೆ. ಡೈಸೆನ್ಸ್ ಎಂಬ ಡಚ್ ವಿಜ್ಞಾನಿಯು ಇದನ್ನು 1956ರಲ್ಲಿ ವಿವರಿಸಿದನು. ಬರಿಯ ಹಸುರನ್ನು ತೂಗಿ ಬೆಳೆಯನ್ನು ಹೇಳುವವರು ಎಡವುವುದು ಇಲ್ಲಿಯೇ.

ಮೂರನೆಯದರ ಮೇಲೆ ದೊಡ್ಡ ಕಲಹವೇ ನಡೆಯಿತು. ಒಂದು ಆಮ್ಲಜನಕದ ಅಣು ಹೊರಡಬೇಕಾದರೆ ಬೆಳಕಿನ ಕಣಗಳೆಷ್ಟು ಬೇಕು? ನೊಬೆಲ್ ಬಹುಮಾನ ಪಡೆದ ವಾರ್ಬರ್ಗನು ನಾಲ್ಕೆಂದನು. ಅವನ ಶಿಷ್ಯನೇ ಆಗಿದ್ದ ಅಮೆರಿಕದ ಎಮರ್ಸನ್ ಎಂಟಕ್ಕೆ ಕಡಮೆಯಾಗದೆಂದನು. 1948ರಲ್ಲಿ ಗುರುವು ಇಲಿನಾಯ್ ಪ್ರಾಂತಕ್ಕೆ ಬಂದು ಶಿಷ್ಯನ ಪ್ರಯೋಗಶಾಲೆಯಲ್ಲಿಯೇ ಅಳೆದರೂ ಒಮ್ಮತವಾಗಲಿಲ್ಲ. ಕೊನೆಗೆ ನಿಂತುದು ಶಿಷ್ಯನ ಪಕ್ಷ. ಕೆರೆಯಲ್ಲಿ ಎಂಟೂ ಸಾಲದು. ನಡುಹಗಲಿನಲ್ಲಿ ಮೇಲ್ಗಡೆಯ ಸಸ್ಯಗಳು ಉಂಡ ಬೆಳಕನ್ನು ಅರಗಿಸಲಾರದೆ ಬಹುಪಾಲನ್ನು ಕಾವಾಗಿ ಕಳೆಯುತ್ತವೆ.

ಈ ಲೆಕ್ಕವನ್ನು ಗುತ್ತಿಗೆಯ ಹಿರಿಯರಿಗೆ ನಾನು ಹೇಳಿದುದು ಇಷ್ಟೆ: “ಬಿಸಿಲು ಮೊದಲಿನಷ್ಟೇ ಇದೆಯಯ್ಯಾ; ಉಣ್ಣುವ ಬಾಯಿಗಳು ಹೆಚ್ಚಿವೆ. ಮೇಲಿನ ಪಾಚಿ ಕೆಳಗಿನದಕ್ಕೆ ನೆರಳು ಹಿಡಿದಿದೆ. ಕೆಳಗಿನದು ಹಗಲಲ್ಲಿಯೂ, ಎಲ್ಲವೂ ಇರುಳಲ್ಲಿಯೂ, ಮೀನಿನ ಉಸಿರನ್ನೇ ಸೇದುತ್ತವೆ. ಅರ್ಧವನ್ನಾದರೂ ಹಿಡಿದುಬಿಡಿ.” ಅವರು ಹಿಡಿದರು. ಹತ್ತು ದಿನಗಳ ಮೇಲೆ ಮೂರು ದಿನ ಮೋಡ ಕವಿದು, ನಾಲ್ಕನೆಯ ಬೆಳಗಿನ ಜಾವ ಉಳಿದ ಮೀನುಗಳು ಬಾಯ್ದೆರೆದು ಮೇಲೆ ಬಂದುವು, ಹಲವು ಸತ್ತುವು. ಅರ್ಧದ ಬೆಲೆಯಿಂದ ಮರಿಯ ಸಾಲವಷ್ಟೇ ತೀರಿತು.

ಹಸುರಿಲ್ಲದ ನೀರಿನ ಕಥೆಯೂ ಕೇಳತಕ್ಕುದೇ. ಅಮೆರಿಕದ ಟಾಹೋ ಸರೋವರದಲ್ಲಿ 1968ರಲ್ಲಿ ತಟ್ಟೆಯು ಸರಾಸರಿ ಮೂವತ್ತು ಮೀಟರಿನಾಚೆಗೂ ಕಾಣುತ್ತಿದ್ದಿತು. 1997ರ ವೇಳೆಗೆ ಇಪ್ಪತ್ತಕ್ಕಿಳಿಯಿತು. ಚಾರ್ಲ್ಸ್ ಗೋಲ್ಡ್‌ಮನ್ನರು 1959ರಿಂದಲೂ ಅಲ್ಲಿ ಅಳೆದಿಟ್ಟ ಬೆಳೆಯ ಲೆಕ್ಕವು ಅಷ್ಟರಲ್ಲಿ ಹಲವು ಪಟ್ಟು ಏರಿದ್ದಿತು. ತೇಲುಸಸ್ಯಗಳಲ್ಲದೆ ದಂಡೆಯ ಕಟ್ಟಡಗಳಿಂದ, ದಾರಿಗಳಿಂದ ಇಳಿದ ನವುರಾದ ಮಣ್ಣಿನ ಕಣಗಳೂ ಆ ನೀರನ್ನು ಮಬ್ಬಾಗಿಸಿದುವೆಂದು ಬಳಿಕ ತಿಳಿಯಿತು.

ನಮ್ಮಲ್ಲಿಯೂ ಈಗ ಮುಂಗಾರಿನ ಹೊಸನೀರು ಬಂದು ಕೆರೆ ಕೆಂಪಾಗಿದೆ. ತಟ್ಟೆಯು ಗೇಣಿಗೂ ಕಡಮೆಯಲ್ಲಿ ಮರೆಯಾಗುತ್ತದೆ. ಆದರೆ ಈ ಸಲ ಬೆಳಕನ್ನು ನುಂಗುತ್ತಿರುವುದು ಹೆಚ್ಚಾಗಿ ಜೇಡಿಮಣ್ಣು. ಪಾಚಿಯ ಪಾಲನ್ನು ಬೇರ್ಪಡಿಸಬೇಕಾದರೆ ನೀರನ್ನು ಸೋಸಿ, ಸೋಸುಕಾಗದದ ಮೇಲೆ ನಿಂತುದು ಯಾವ ಬಣ್ಣವನ್ನೆಷ್ಟು ಹೀರುವುದೆಂದು ಯಂತ್ರದಲ್ಲಿ ನೋಡಿ, ಅದರ ವರ್ಣವನ್ನು ಮದ್ಯಸಾರದಲ್ಲಿ ತೊಳೆದು, ಮತ್ತೊಮ್ಮೆ ನೋಡಿ ಕಳೆಯಬೇಕು. ಸಮೀಪದ ಕಾಲೇಜೊಂದರಲ್ಲಿ ಅಂಥ ಯಂತ್ರವಿದೆ. ಬರುವ ಸೋಮವಾರ ಎರಡು ಸೀಸೆ ನೀರನ್ನು ಅಲ್ಲಿಗೆ ಕೊಂಡೊಯ್ಯುವೆನು.