ಹದಿನಾರು ಕಂಪ್ಯೂಟರಿಗೆ ಒಂದೇ ಉತ್ತರಪತ್ರಿಕೆ

ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಟಿ ಲ್ಯಾಬಿಗೆ ಹೋದ ಕೂಡಲೇ ಮಾಡುವ ಮೊದಲ ಕೆಲಸ ಎಂತದು ಗೊತ್ತಾ? ಕನ್ನಡ ಬರುವ ಕಂಪ್ಯೂಟರು ಯಾವುದು ಅಂತ ಹುಡುಕುವುದು. ಮೊದಲು ಓಡಿ ಹೋದವರಿಗೆ ಅದು ಸಿಗುತ್ತದೆ. ಉಳಿದವರು "ಸರ್, ಇದರಲ್ಲಿ ಕನ್ನಡ ಇಲ್ಲ" ಅಂತ ಕೈ ಎತ್ತುತ್ತಾರೆ. ಒಂದರಲ್ಲಿ ಕೀಬೋರ್ಡ್ ಇರುವುದಿಲ್ಲ, ಇನ್ನೊಂದರಲ್ಲಿ ಕೀಬೋರ್ಡ್ ಇದ್ದು ಫಾಂಟು ಸರಿ ಇರುವುದಿಲ್ಲ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹತ್ತು ನಿಮಿಷ ಇದಕ್ಕೇ ಹೋಗುತ್ತದೆ.

ಇದರಲ್ಲಿ ಯಾರ ದ್ವೇಷವೂ ಇಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಆಪರೇಟಿಂಗ್ ಸಿಸ್ಟಮ್ ಹಾಕಲು ಕೂತವನಿಗೆ ಪರದೆ ಒಂದೊಂದಾಗಿ ಪ್ರಶ್ನೆ ಕೇಳುತ್ತದೆ. ಭಾಷೆ ಯಾವುದು, ದೇಶ ಯಾವುದು, ಕೀಬೋರ್ಡ್ ಯಾವುದು, ಡಿಸ್ಕನ್ನು ಹೇಗೆ ಹಂಚಲಿ, ಪಾಸ್‌ವರ್ಡ್ ಏನು... ಮೊದಲನೆಯ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಓದಿ ಉತ್ತರಿಸುತ್ತಾರೆ. ಹತ್ತನೆಯದಕ್ಕೆ ಬರುವಾಗ ಬರೀ ಎಂಟರ್, ಎಂಟರ್, ಎಂಟರ್. ಆ ಎಂಟರ್‌ಗಳ ನಡುವೆ ಮೊದಲು ಬಿಟ್ಟುಹೋಗುವುದು ನಮ್ಮ ಕನ್ನಡ. ಕೇಳಿದರೆ "ಮಾಷೆ, ಅದು ಆಮೇಲೆ ಹಾಕಿದರಾಯಿತು" ಅನ್ನುತ್ತಾರೆ. ಆ ಆಮೇಲೆ ಯಾವಾಗ ಬರುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರುವಾಯಿತು, 2017ರಲ್ಲಿ ಅದೇ ಕೈಟ್ ಎಂಬ ಸಂಸ್ಥೆಯಾಯಿತು. ಇಲ್ಲಿ ನಡೆಯುವುದೆಲ್ಲ ಸ್ವತಂತ್ರ ತಂತ್ರಾಂಶ, ಗ್ನೂ/ಲಿನಕ್ಸ್. ಎಷ್ಟು ಕಂಪ್ಯೂಟರಿಗೆ ಹಾಕಿದರೂ ಲೈಸೆನ್ಸಿನ ತಕರಾರಿಲ್ಲ. ಹೊಸ ಲ್ಯಾಪ್‌ಟಾಪುಗಳ ವಿಷಯ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಮೂಲೆಗೆ ಬಿದ್ದಿದ್ದ ಹದಿನಾರು ಹಳೆ ಡೆಸ್ಕ್‌ಟಾಪುಗಳಿದ್ದವು, ಅವುಗಳಿಗೆ ಡೆಬಿಯನ್ ಹಾಕಿ ಮಕ್ಕಳಿಗೆ ಟೈಪಿಂಗ್ ಅಭ್ಯಾಸಕ್ಕೆ ಕೊಡೋಣ ಅಂತ ರಜೆಯಲ್ಲಿ ಹೊರಟೆ. ಒಂದಕ್ಕೆ ನಲವತ್ತು ನಿಮಿಷ ಹಿಡಿದರೂ ಹದಿನಾರಕ್ಕೆ ಹತ್ತು ಗಂಟೆಗೆ ಮೇಲಾಯಿತು.

ಬೆಂಗಳೂರಿನಲ್ಲಿ ಸರ್ವರುಗಳ ಕೆಲಸದಲ್ಲಿರುವ ನನ್ನ ಹಳೆ ವಿದ್ಯಾರ್ಥಿಯೊಬ್ಬ ಊರಿಗೆ ಬಂದಿದ್ದ. ನನ್ನ ಕೈಯ ಪೆನ್‌ಡ್ರೈವ್ ನೋಡಿ ನಕ್ಕ. "ಎಂತ ಸರ್, ಒಂದೊಂದರ ಎದುರೂ ಕೂರ್ತೀರಾ? ನಾವು ಅಲ್ಲಿ ನೂರು ಸರ್ವರಿಗೆ ಹಾಕುವಾಗಲೂ ಒಂದರ ಮುಖವನ್ನೂ ನೋಡುವುದಿಲ್ಲ."

"ಹಾಗಾದರೆ ಪ್ರಶ್ನೆಗಳಿಗೆ ಉತ್ತರ ಯಾರು ಕೊಡುವುದು ಮಾರಾಯ?"

"ಮೊದಲೇ ಬರೆದಿಡುವುದು ಸರ್. ಉತ್ತರಪತ್ರಿಕೆ ಲೀಕ್ ಆದ ಹಾಗೆ!"

ಮೇಷ್ಟ್ರಿಗೆ ಹೇಳುವ ಉದಾಹರಣೆಯೇ ಇದು? ಆದರೆ ವಿಷಯ ಅಷ್ಟೇ.

ನಡೆಯುವುದು ಹೀಗೆ. ಕಂಪ್ಯೂಟರನ್ನು ಡಿಸ್ಕಿನಿಂದ ಎಬ್ಬಿಸುವ ಬದಲು ನೆಟ್‌ವರ್ಕ್ ಕಾರ್ಡಿನಿಂದ ಎಬ್ಬಿಸುವುದು. ಇದಕ್ಕೆ ಪಿಎಕ್ಸ್‌ಇ ಅನ್ನುತ್ತಾರೆ, ಬಾಯಲ್ಲಿ 'ಪಿಕ್ಸಿ'. ಇಂಟೆಲ್‌ನವರು 1999ರಲ್ಲಿ ಇದರ 2.1ನೇ ಆವೃತ್ತಿಯ ನಿಯಮಗಳನ್ನು ಹೊರತಂದರು, ಹಾಗಾಗಿ ಹಳೆ ಕಂಪ್ಯೂಟರುಗಳಲ್ಲೂ ಸಾಮಾನ್ಯವಾಗಿ ಇದು ಇರುತ್ತದೆ. ಹೊಸದಾಗಿ ಶಾಲೆಗೆ ಸೇರಿದ ಮಗು ಅಂಗಳದಲ್ಲಿ ನಿಂತು "ನಾನು ಎಲ್ಲಿ ಕೂರಲಿ?" ಅಂತ ಜೋರಾಗಿ ಕೇಳಿದ ಹಾಗೆ, ಎದ್ದ ಕಂಪ್ಯೂಟರು ಇಡೀ ನೆಟ್‌ವರ್ಕಿಗೆ ಕೂಗುತ್ತದೆ. ಡಿಎಚ್‌ಸಿಪಿ ಸರ್ವರು ಅದಕ್ಕೊಂದು ಐಪಿ ವಿಳಾಸ ಕೊಟ್ಟು, ನಿನ್ನ ಬೂಟ್ ಫೈಲು ಇಂಥಾ ಕಡೆ ಇದೆ, ಹೋಗಿ ತಗೋ ಅನ್ನುತ್ತದೆ. ಆ ಫೈಲು ಬರುವುದು ಟಿಎಫ್‌ಟಿಪಿ ಎಂಬ ಹಳೆ ಕಾಲದ ದಾರಿಯಲ್ಲಿ. 512 ಬೈಟಿನ ಒಂದು ತುಂಡು ಕಳಿಸಿ, "ಸಿಕ್ಕಿತು" ಅಂದ ಮೇಲೆಯೇ ಇನ್ನೊಂದು. 20 ಎಂಬಿಯ ಫೈಲಿಗೆ ಲೆಕ್ಕ ಹಾಕಿ ನೋಡಿ, 40,960 ತುಂಡು, ಅಷ್ಟೇ ಸಲ "ಸಿಕ್ಕಿತು"! ದೊಡ್ಡ ತುಂಡು ಕಳಿಸುವ ಒಪ್ಪಂದವೂ ಆಮೇಲೆ ಬಂತು ಅನ್ನಿ. ಇನ್‌ಸ್ಟಾಲರು ಮಾತ್ರ ಈ ದಾರಿಯಲ್ಲಿ ಬರುತ್ತದೆ. ಉಳಿದ ಸಾಮಾನೆಲ್ಲ ಮಾಮೂಲಿ ವೆಬ್ ಸರ್ವರಿನಿಂದ.

ಆಮೇಲೆ ಉತ್ತರಪತ್ರಿಕೆ. ಡೆಬಿಯನ್‌ನಲ್ಲಿ ಇದಕ್ಕೆ ಪ್ರೀಸೀಡ್ ಅಂತ ಹೆಸರು, ರೆಡ್‌ಹ್ಯಾಟ್‌ನಲ್ಲಿ ಕಿಕ್‌ಸ್ಟಾರ್ಟ್. ಉಬುಂಟು ಸರ್ವರಿನವರು 2020ರ ಆವೃತ್ತಿಯಿಂದ ಆಟೊಇನ್‌ಸ್ಟಾಲ್ ಎಂಬ ಬೇರೆಯದನ್ನು ಹಿಡಿದಿದ್ದಾರೆ. ಹೆಸರು ಯಾವುದಾದರೂ ಮಾಡುವುದು ಒಂದೇ, ಪ್ರತಿ ಪ್ರಶ್ನೆಗೂ ಒಂದು ಸಾಲು ಉತ್ತರ.

ಇಲ್ಲಿ ನಮ್ಮ ಕನ್ನಡಕ್ಕೆ ಒಂದು ಸಿಕ್ಕು ಇದೆ. ಡೆಬಿಯನ್ ಇನ್‌ಸ್ಟಾಲರು ಎಲ್ಲಕ್ಕಿಂತ ಮೊದಲು ಕೇಳುವುದೇ ಭಾಷೆ. ಆಗಿನ್ನೂ ಅದಕ್ಕೆ ನೆಟ್‌ವರ್ಕ್ ಸಿಕ್ಕಿರುವುದಿಲ್ಲ. ಉತ್ತರಪತ್ರಿಕೆ ಇರುವುದು ನೆಟ್‌ವರ್ಕಿನ ಆಚೆ! ಹಾಗಾಗಿ ನೀವು ಪತ್ರಿಕೆಯಲ್ಲಿ ಕನ್ನಡ ಅಂತ ಎಷ್ಟು ಚಂದ ಬರೆದಿಟ್ಟರೂ ಅದು ತಲುಪುವ ಮೊದಲೇ ಪ್ರಶ್ನೆ ಬಂದು ನಿಲ್ಲುತ್ತದೆ. ಇದಕ್ಕೆ ಮದ್ದು ಬೂಟ್ ಸಾಲಿನಲ್ಲಿ 'ಆಟೊ' ಎಂಬ ಆಯ್ಕೆಯನ್ನು ಆನ್ ಮಾಡುವುದು. ಆಗ ಭಾಷೆ ಮತ್ತು ಕೀಬೋರ್ಡಿನ ಪ್ರಶ್ನೆಗಳನ್ನು ಅದು ಹಿಂದಕ್ಕೆ ತಳ್ಳಿ, ಮೊದಲು ಪತ್ರಿಕೆಯನ್ನು ತರಿಸಿಕೊಳ್ಳುತ್ತದೆ. ಈ ಒಂದು ಪದ ಗೊತ್ತಾಗಲು ನಮಗೆ ಅರ್ಧ ದಿನ ಬೇಕಾಯಿತು.

ಇನ್ನೊಂದು ಸಂಗತಿ. ಡೆಬಿಯನ್ ಇನ್‌ಸ್ಟಾಲರಿನಲ್ಲಿ ಕನ್ನಡ ಬಂದದ್ದು 2011ರ ಫೆಬ್ರವರಿಯ 6ನೇ ಆವೃತ್ತಿಯಲ್ಲಿ, ತೆಲುಗು, ಸಿಂಹಳ, ಲಾವೊ ಜೊತೆಗೆ. ಅದೂ ಗ್ರಾಫಿಕ್ ಇನ್‌ಸ್ಟಾಲರಿನಲ್ಲಿ ಮಾತ್ರ. ಬರೀ ಅಕ್ಷರಗಳ ಕಪ್ಪು ಪರದೆಗೆ ನಮ್ಮ ಒತ್ತಕ್ಷರ, ಗುಣಿತ ಜೋಡಿಸಿ ತೋರಿಸಲು ಬರುವುದಿಲ್ಲ. ಆದ್ದರಿಂದ ನೆಟ್‌ವರ್ಕಿನಿಂದ ಬಡಿಸುವಾಗಲೂ ಗ್ರಾಫಿಕ್ ಇನ್‌ಸ್ಟಾಲರಿನ ಫೈಲುಗಳನ್ನೇ ಇಟ್ಟೆವು.

ಆ ಪತ್ರಿಕೆಯಲ್ಲಿ ಕನ್ನಡಕ್ಕೆ ಮೂರು ಹೆಸರು ಇರುವುದು ಇನ್ನೊಂದು ತಮಾಷೆ. ಭಾಷೆಯ ಸಾಲಿನಲ್ಲಿ 'ಕೆಎನ್', ಕೀಬೋರ್ಡಿನ ಸಾಲಿನಲ್ಲಿ 'ಕೆಎಎನ್', ಫಾಂಟಿನ ಪೊಟ್ಟಣದಲ್ಲಿ 'ಕೆಎನ್‌ಡಿಎ'. ಒಂದು ಭಾಷೆಯ ಸಂಕೇತ, ಕೊನೆಯದು ಲಿಪಿಯ ಸಂಕೇತ. ದೇಶಗಳ ಪಟ್ಟಿಯಲ್ಲಿ ಕೆಎನ್ ಅಂದರೆ ವೆಸ್ಟ್ ಇಂಡೀಸಿನ ಸೇಂಟ್ ಕಿಟ್ಸ್! 2007ರ ವಿಶ್ವಕಪ್ಪಿನಲ್ಲಿ ಗಿಬ್ಸ್ ಒಂದೇ ಓವರಿನಲ್ಲಿ ಆರು ಸಿಕ್ಸರ್ ಹೊಡೆದ ಊರು. ಅಡ್ಡಗೆರೆಯ ಆಚೆಗೆ ಭಾರತದ 'ಐಎನ್' ಇದ್ದರೇ ಅದು ನಮ್ಮ ಕನ್ನಡ.

ಕೀಬೋರ್ಡಿಗೆ ಬರೀ ಕನ್ನಡ ಕೊಟ್ಟು ಕೈತೊಳೆದುಕೊಂಡರೆ ಆಗುವುದಿಲ್ಲ, ಲಾಗಿನ್ನಿನಲ್ಲಿ ಇಂಗ್ಲಿಷ್ ಅಕ್ಷರದ ಪಾಸ್‌ವರ್ಡ್ ಹೊಡೆಯಲು ಬಾರದೆ ಮಕ್ಕಳು ಹೊರಗೇ ನಿಲ್ಲುತ್ತಾರೆ. ಇಂಗ್ಲಿಷ್ ಮೊದಲು, ಕನ್ನಡ ಇನ್‌ಸ್ಕ್ರಿಪ್ಟ್ ಎರಡನೆಯದು, ಬದಲಿಸಲು ಒಂದು ಕೀ. ಫಾಂಟಿನ ಪೊಟ್ಟಣದಲ್ಲಿ ಲೋಹಿತ್ ಮತ್ತು ನವಿಲು ಎರಡೂ ಬರುತ್ತವೆ, ಗುಬ್ಬಿಯನ್ನು ಬೇರೆ ಸೇರಿಸಿದೆ. ಲಿಬ್ರೆಆಫೀಸಿನ ಕನ್ನಡ ಮೆನುಗಳೂ ಬೇಕು. ಮಲಯಾಳ ವಿಭಾಗದ ಮಕ್ಕಳೂ ಇದೇ ಕುರ್ಚಿಗಳಲ್ಲಿ ಕೂರುವವರು, ಅವರ ಭಾಷೆ, ಕೀಬೋರ್ಡ್, ಫಾಂಟುಗಳನ್ನೂ ಅದೇ ಪತ್ರಿಕೆಯಲ್ಲಿ ಬರೆದೆವು. ಲಾಗಿನ್ ಪರದೆಯಲ್ಲಿ ಯಾರಿಗೆ ಬೇಕಾದ್ದನ್ನು ಅವರು ಆರಿಸಿಕೊಳ್ಳಬಹುದು. ನಮಗೆ ಬೇಕಾಗಿದ್ದುದು ಅವರದ್ದನ್ನು ತೆಗೆಯುವುದಲ್ಲವಲ್ಲ.

ಡಿಸ್ಕನ್ನು ಪೂರ್ತಿ ಪಕ್ವವಾಗಿ ಬಳಸಿಬಿಟ್ಟಿರುವ ಹಳೆ ಫೈಲುಗಳ ವಿಷಯ ಬಂದಾಗ ಮಾತ್ರ ನನಗೆ ಎದೆ ಡವಗುಟ್ಟಿತು. ಉತ್ತರಪತ್ರಿಕೆಯಲ್ಲಿ "ಡಿಸ್ಕನ್ನು ಪೂರ್ತಿ ಅಳಿಸು, ಕೇಳಬೇಡ" ಅಂತಲೂ ಒಂದು ಸಾಲು ಇರುತ್ತದೆ, ಇಲ್ಲದಿದ್ದರೆ ಅದು ಮಧ್ಯದಲ್ಲಿ ನಿಂತು ಕಾಯುತ್ತದೆ. ಈಗ ಯೋಚಿಸಿ. ನೆಟ್‌ವರ್ಕಿನಿಂದಲೇ ಮೊದಲು ಏಳು ಅಂತ ಹೇಳಿಟ್ಟ ಕಂಪ್ಯೂಟರು ನಾಳೆ ಕರೆಂಟು ಹೋಗಿ ಬಂದ ಕೂಡಲೇ ಎದ್ದು, ಪುನಃ ಪತ್ರಿಕೆ ಓದಿ, ಪುನಃ ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಿದರೆ? ಹತ್ತನೆಯ ತರಗತಿಯ ಮಕ್ಕಳ ಪ್ರಾಕ್ಟಿಕಲ್ ಫೈಲು ಅದರೊಳಗಿದ್ದರೆ? ನಮ್ಮೂರಿನ ಮಳೆಗಾಲದ ಕರೆಂಟಿನ ಕತೆ ಗೊತ್ತಲ್ಲ. ಹುಡುಗ ತೋರಿಸಿದ ದಾರಿ ನನಗೆ ಹಿಡಿಸಿತು. ಸರ್ವರಿನ ಮಾಮೂಲಿ ಉತ್ತರ ಯಾವತ್ತೂ "ನಿನ್ನ ಡಿಸ್ಕಿನಿಂದಲೇ ಎದ್ದುಕೋ" ಅಂತಿರಬೇಕು. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಮ್ಯಾಕ್ ವಿಳಾಸ ಇರುತ್ತದೆ, ನಮ್ಮ ಎಡ್ಮಿಶನ್ ನಂಬರಿನ ಹಾಗೆ. ಆ ದಿನ ಯಾವ ನಂಬರಿನದ್ದಕ್ಕೆ ಹಾಕಬೇಕೋ ಅದಕ್ಕೆ ಮಾತ್ರ ಬೇರೆ ಉತ್ತರ, ಮುಗಿದ ಕೂಡಲೇ ಪಟ್ಟಿಯಿಂದ ಹೊರಗೆ. ಹಾಜರಿ ಪುಸ್ತಕ ಇಟ್ಟು ಅಭ್ಯಾಸ ಇರುವವರಿಗೆ ಇದೇನು ಕಷ್ಟವಲ್ಲ.

ಶಾಲೆಯ ಬ್ರಾಡ್‌ಬ್ಯಾಂಡ್ ಮೋಡೆಮ್ಮೂ ತಾನೊಂದು ಡಿಎಚ್‌ಸಿಪಿ ಸರ್ವರು. ಒಂದೇ ತರಗತಿಗೆ ಇಬ್ಬರು ಮೇಷ್ಟ್ರು ಹೋದ ಹಾಗಾಗುತ್ತದೆ. ಬೇರೆಯೇ ಒಂದು ಸ್ವಿಚ್ಚು ಇಟ್ಟು ಹದಿನಾರನ್ನೂ ಅದಕ್ಕೇ ಕಟ್ಟಿದೆವು. ಪತ್ರಿಕೆಯನ್ನು ಆ ತಂತಿಯಲ್ಲಿರುವ ಯಾರು ಬೇಕಾದರೂ ಓದಬಹುದು, ಅದಕ್ಕೂ ಇದು ಒಳ್ಳೆಯದು. ಪಾಸ್‌ವರ್ಡನ್ನು ಹಾಗೇ ಬರೆಯದೆ ಹ್ಯಾಶ್ ಮಾಡಿ ಹಾಕಬೇಕು. ಸರ್ವರಿನ ಇನ್ನೊಂದು ನೆಟ್‌ವರ್ಕ್ ಕಾರ್ಡಿನಿಂದ ಇಂಟರ್ನೆಟ್ಟು. ಪೊಟ್ಟಣಗಳನ್ನು ಒಮ್ಮೆ ತರಿಸಿ ಸರ್ವರಿನಲ್ಲೇ ಉಳಿಸುವ ಆಪ್ಟ್-ಕ್ಯಾಶರ್ ಅನ್ನೂ ಹಾಕಿದೆವು. ಒಂದಕ್ಕೆ 3 ಜಿಬಿ ಅಂತ ಹಿಡಿದರೆ ಹದಿನಾರಕ್ಕೆ 48 ಜಿಬಿ, ನಮ್ಮ ಲೈನಿನಲ್ಲಿ ಅದನ್ನು ಎಳೆಯುತ್ತಾ ಕೂತರೆ ಓಣಂ ಕಳೆದು ದೀಪಾವಳಿ ಬರುತ್ತಿತ್ತು. ಒಳಗಿನ 100 ಎಂಬಿಪಿಎಸ್ ಸ್ವಿಚ್ಚಿನಲ್ಲೂ 48 ಜಿಬಿ ಹರಿಯಲು ಒಂದು ಗಂಟೆಗೆ ಮೇಲೆ ಬೇಕು. ನಾಲ್ಕು ನಾಲ್ಕಾಗಿ ಎಬ್ಬಿಸಿದೆವು.

ಮಧ್ಯಾಹ್ನ ಊಟದ ಹೊತ್ತಿಗೆ ಹನ್ನೆರಡು ಮುಗಿದಿತ್ತು. ಮಧ್ಯದಲ್ಲಿ ಯಾರೂ ಒಂದು ಕೀಯನ್ನೂ ಒತ್ತಿರಲಿಲ್ಲ. ಉಳಿದ ನಾಲ್ಕು ತೀರಾ ಹಳೆಯವು, 32 ಬಿಟ್‌ನವು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅಂಥವುಗಳಿಗೆ ಇನ್‌ಸ್ಟಾಲರೇ ಇಲ್ಲ. ಅವಕ್ಕೆ 12ನೇ ಆವೃತ್ತಿಯನ್ನು ಬೇರೆ ಫೋಲ್ಡರಿನಲ್ಲಿಟ್ಟು ಸಂಜೆಯೊಳಗೆ ಮುಗಿಸಿದೆವು. ಕನ್ನಡದ ಸಾಲುಗಳು ಅದರಲ್ಲೂ ಅವೇ, ಒಂದಕ್ಷರ ಬದಲಿಸಲಿಲ್ಲ.

ಆ ಪತ್ರಿಕೆಯನ್ನು ಮುದ್ರಿಸಿ ಲ್ಯಾಬಿನ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ, ಪಾಸ್‌ವರ್ಡಿನ ಸಾಲು ಬಿಟ್ಟು. ಯಾವ ಸಾಲು ಯಾವುದಕ್ಕೆ ಅಂತ ಪಕ್ಕದಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿದೆ. ನನಗೆ ವರ್ಗವಾಗಬಹುದು, ನನ್ನ ಜಾಗಕ್ಕೆ ಕನ್ನಡ ಬಾರದ ಐಟಿ ಕೋಆರ್ಡಿನೇಟರ್ ಬರಬಹುದು. ಬಂದವರು ಸರ್ವರ್ ಆನ್ ಮಾಡಿ, ಪಟ್ಟಿಯಲ್ಲಿ ನಂಬರು ಸೇರಿಸಿ, ಕಂಪ್ಯೂಟರಿನ ಬಟನ್ ಒತ್ತಿದರೆ ಸಾಕು.