ಕೊರಳು ಮುರಿದ ಪಿಕ್ಚರ್ ಟ್ಯೂಬುಗಳು

ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಎಂಬ ಆಟ ತಂದಿತು. ಆ ಹೆಸರು ನಮ್ಮ ಕಡೆ ಯಾರ ನಾಲಿಗೆಗೂ ಹತ್ತಲಿಲ್ಲ. ನಾಲ್ವರು ವೀರರಲ್ಲಿ ಓಡಿ ಬಂದು ಹಾರಿ ಒದೆಯುವ ಮುಸ್ತಫಾನೇ ಹುಡುಗರಿಗೆ ಅಚ್ಚುಮೆಚ್ಚು. ಹಾಗಾಗಿ ಆಟವೇ ಮುಸ್ತಫಾ ಆಯಿತು. ನಾನು ದಾವಣಗೆರೆಯಲ್ಲಿ ಓದುತ್ತಿದ್ದಾಗ ಟಾಕೀಸಿನ ಪಕ್ಕದ ಓಣಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ, ಸೈಕಲ್ ಶಾಪಿನ ಮಗ್ಗುಲಲ್ಲಿ ಈ ಆಟದ ಪೆಟ್ಟಿಗೆಗಳಿದ್ದವು. ಒಂದು ರೂಪಾಯಿ ಕೊಟ್ಟರೆ ಒಂದು ಹಿತ್ತಾಳೆ ಟೋಕನ್. ಮೂವರು ಹೆಗಲಿಗೆ ಹೆಗಲು ತಾಗಿಸಿ ಆಡುತ್ತಿದ್ದರೆ ಅವರ ಬೆನ್ನಿಗೆ ಆತುಕೊಂಡು ಕಾಸಿಲ್ಲದವರ ಒಂದು ಗುಂಪು. ಯಾವ ಗುಂಡಿ ಯಾವಾಗ ಒತ್ತಬೇಕೆಂದು ಕೂಗಿ ಹೇಳುವ ಹಕ್ಕು ಆ ಗುಂಪಿಗೂ ಇತ್ತು.

ಅಂಗಡಿಗಳು ಮುಚ್ಚಿದವು. ಮನೆಗೆ ಕಂಪ್ಯೂಟರ್ ಬಂತು, ಆಮೇಲೆ ಕೈಗೆ ಮೊಬೈಲು. ಪೆಟ್ಟಿಗೆಗಳು ಬಹುಪಾಲು ಸೌದೆಯಾದವು. ಅಳಿದುಳಿದವನ್ನು ಹುಡುಕಿ ತಂದು, ಮನೆಯಲ್ಲೇ ಬಿಚ್ಚಿ, ಒರೆಸಿ, ಮತ್ತೆ ಉಸಿರಾಡಿಸುವ ಕೆಲಸಕ್ಕೆ ನಾನು ಬಿದ್ದು ಬಹಳ ಕಾಲವಾಯಿತು. ಪೆಟ್ಟಿಗೆಯ ಒಳಗೇನೂ ಮಹಾ ಗುಟ್ಟಿಲ್ಲ. ಪ್ಲೈವುಡ್ಡಿನ ಮೈಗೆ ಅಂಟಿಸಿದ ಸನ್‌ಮೈಕಾ, ಒಂದು ಪವರ್ ಸಪ್ಲೈ, ಒಂದು ಆಟದ ಬೋರ್ಡು, ಒಂದು ಟಿವಿ. ಬೋರ್ಡನ್ನು ಪೆಟ್ಟಿಗೆಗೆ ಸೇರಿಸಲು 56 ಕಾಲಿನ ಒಂದು ಕನೆಕ್ಟರ್. ಯಾವ ಕಾಲಿಗೆ ಯಾವ ವೈರು ಎಂಬುದನ್ನು ಜಾಮಾ ಎಂಬ ಜಪಾನಿ ತಯಾರಕರ ಸಂಘ 1980ರ ದಶಕದಲ್ಲೇ ಗೊತ್ತುಮಾಡಿಟ್ಟಿತ್ತು. ಆದ್ದರಿಂದಲೇ ಅಂಗಡಿಯಾತ ಬೆಳಿಗ್ಗೆ ಮುಸ್ತಫಾ ಕಿತ್ತು ಸಂಜೆಗೆ ಸ್ಟ್ರೀಟ್ ಫೈಟರ್ ಕೂರಿಸಬಲ್ಲವನಾಗಿದ್ದ. ಮೂರನೆಯ ಆಟಗಾರನಿಗೆ, ಸ್ಟ್ರೀಟ್ ಫೈಟರಿನ ಆರು ಗುಂಡಿಗಳಿಗೆ ಮಾತ್ರ ಬೇರೆ ವೈರು ಎಳೆಯಬೇಕು.

ಬೋರ್ಡಿನ ಬಗ್ಗೆ ನನಗೆ ಅಂಥ ಭಯವಿಲ್ಲ. ಮುಸ್ತಫಾದ ಅಸಲಿ ಬೋರ್ಡಿನಲ್ಲಿ ಒಂದು ಪುಟ್ಟ ಬ್ಯಾಟರಿ ಇದೆ, ನಕಲು ತಡೆಯಲೆಂದು ಇಟ್ಟದ್ದು. ಚಿಪ್ಪಿನೊಳಗಿನ ಗುಪ್ತ ಕೀಲಿ ಉಳಿದಿರುವುದು ಅದರ ಬಲದಿಂದ. ಅದು ಬರಿದಾದ ದಿನ ಕೀಲಿ ಅಳಿಸಿಹೋಗಿ ಬೋರ್ಡು ಕೆಲಸ ನಿಲ್ಲಿಸುತ್ತದೆ. ಸಂಗ್ರಾಹಕರು ಅದನ್ನು ಆತ್ಮಹತ್ಯೆಯ ಬ್ಯಾಟರಿ ಎಂದೇ ಕರೆದರು, ಹಾಗೆ ಸತ್ತ ಬೋರ್ಡನ್ನು ಎಬ್ಬಿಸುವ ದಾರಿಯನ್ನೂ ಕಂಡುಕೊಂಡರು. ನನ್ನ ಕೈಗೆ ಸಿಕ್ಕಿದವು ಹೆಚ್ಚಾಗಿ ನಕಲಿ ಬೋರ್ಡುಗಳು. ಅವುಗಳ ಸದ್ದು ಒಡಕು, ಆದರೆ ಆ ಬ್ಯಾಟರಿಯ ಗೊಡವೆಯೇ ಇಲ್ಲದ ಕಾರಣ ಇಂದಿಗೂ ಓಡುತ್ತಿವೆ. ಇನ್ನು 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಶುರುಮಾಡಿದ, ಇಂಥ ಆಟಗಳನ್ನು ಕಂಪ್ಯೂಟರಿನಲ್ಲೇ ಓಡಿಸುವ ‘ಮೇಮ್’ ಎಂಬ ಸಾಫ್ಟ್‌ವೇರ್ ಇದೆ. ಚಿಪ್ಪುಗಳಲ್ಲಿ ಇದ್ದದ್ದೆಲ್ಲ ಇವತ್ತು ಕಂಪ್ಯೂಟರಿನಲ್ಲಿ ಭದ್ರ. ಪ್ರಪಂಚದ ಕೊನೆಯ ಬೋರ್ಡು ಸುಟ್ಟರೂ ಮುಸ್ತಫಾ ಓಡುತ್ತಾನೆ, ಒದೆಯುತ್ತಾನೆ.

ನಾಣ್ಯದ ಪೆಟ್ಟಿಗೆಯದೂ ಸಂಭಾಳಿಸಬಹುದಾದ ಕಷ್ಟವೇ. ನಾಣ್ಯ ಜಾರುವಾಗ ಒಂದು ತೆಳು ತಂತಿಯನ್ನು ಒತ್ತುತ್ತದೆ, ತಂತಿ ಮೈಕ್ರೋಸ್ವಿಚ್ಚನ್ನು ಒತ್ತುತ್ತದೆ, ಬೋರ್ಡು ಒಂದು ಆಟ ಲೆಕ್ಕ ಹಾಕಿಕೊಳ್ಳುತ್ತದೆ. ಟೋಕನ್ನಿನ ಬದಲು ರೂಪಾಯಿಯನ್ನೇ ನುಂಗುವ ಪೆಟ್ಟಿಗೆಗಳಿಗೆ ಇನ್ನೊಂದು ತೊಡಕು, ನಮ್ಮ ರೂಪಾಯಿಯೇ ಕುಗ್ಗುತ್ತ ಬಂದಿದೆ: 1992ರ ಸ್ಟೀಲ್ ನಾಣ್ಯಕ್ಕೆ 25 ಮಿಲಿಮೀಟರ್ ಅಗಲವಿತ್ತು, 2011ರದಕ್ಕೆ 22. ಹಳೆಯ ಸಂದಿಗೆ ಹೊಸ ರೂಪಾಯಿ ಹಾಕಿದರೆ ಅದು ತಂತಿಗೆ ಸರಿಯಾಗಿ ತಾಗುವುದೇ ಇಲ್ಲ. ತಂತಿಯನ್ನು ಸ್ವಲ್ಪ ಬಗ್ಗಿಸಿದರಾಯಿತು.

ಪಿಕ್ಚರ್ ಟ್ಯೂಬಿಗೆ ಅಂಥ ಉಪಾಯವಿಲ್ಲ.

ಹೊರದೇಶದ ಅಸಲಿ ಪೆಟ್ಟಿಗೆಗಳಲ್ಲಿ ಆಟಕ್ಕೆಂದೇ ಮಾಡಿದ ಮಾನಿಟರ್ ಇರುತ್ತಿತ್ತು. ನಾನು ಬಿಚ್ಚಿದ ನಮ್ಮೂರುಗಳ ಪೆಟ್ಟಿಗೆಗಳಲ್ಲಿ ಇದ್ದದ್ದು ಮನೆಯ ಟಿವಿ. ಅದರ ಮೈ ಕಳಚಿ, ಬೋರ್ಡಿನ ಕೆಂಪು-ಹಸಿರು-ನೀಲಿ ವೈರುಗಳನ್ನು ನೇರವಾಗಿ ಒಳಗೆ ಬೆಸೆದಿದ್ದರು. ಆಟದ ಬೋರ್ಡೂ ಮನೆಯ ಟಿವಿಯೂ ಸೆಕೆಂಡಿಗೆ ಸರಿಸುಮಾರು 15,600 ಗೆರೆ ಎಳೆಯುವುದರಿಂದ ಇದು ಸಾಧ್ಯವಾಯಿತು. ಇದನ್ನು ಅಗ್ಗದ ಜುಗಾಡು ಎನ್ನುವವರನ್ನು ಕಂಡರೆ ನನಗೆ ಬೇಸರ. 1972ರಲ್ಲಿ ಅಟಾರಿ ಕಂಪನಿಗಾಗಿ ಅಲನ್ ಅಲ್ಕಾರ್ನ್ ಮೊದಲ ‘ಪಾಂಗ್’ ಪೆಟ್ಟಿಗೆ ಕಟ್ಟಿದಾಗ ಅದರೊಳಗೆ ಕೂರಿಸಿದ್ದೂ ಅಂಗಡಿಯಿಂದ ಕೊಂಡು ತಂದ ಹಿಟಾಚಿ ಕಪ್ಪು-ಬಿಳುಪು ಟಿವಿಯನ್ನೇ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಒಂದು ಹೆಂಡದಂಗಡಿಯಲ್ಲಿ ಅದನ್ನಿಟ್ಟರು. ಕೆಲವೇ ದಿನಕ್ಕೆ ಕೆಟ್ಟಿತೆಂದು ದೂರು ಬಂತು. ಹೋಗಿ ನೋಡಿದರೆ ನಾಣ್ಯ ತುಂಬಿ ತುಳುಕಿ ಸಿಕ್ಕಿಹಾಕಿಕೊಂಡಿತ್ತು. ನಮ್ಮ ಓಣಿಯ ಪ್ಲೈವುಡ್ ಪೆಟ್ಟಿಗೆ ಅದೇ ವಂಶದ್ದು.

ಟ್ಯೂಬು ಸತ್ತ ಪೆಟ್ಟಿಗೆಗೆ ಎಲ್‌ಸಿಡಿ ಹಾಕಿಕೊಡುತ್ತೇವೆ ಎನ್ನುವವರು ಬೇಕಾದಷ್ಟು ಜನರಿದ್ದಾರೆ. ಹಾಕಿಸಿ ನೋಡಿದವರಿಗೆ ಗೊತ್ತು. ಮುಸ್ತಫಾದ ಚಿತ್ರ ಅಡ್ಡಕ್ಕೆ 384, ಉದ್ದಕ್ಕೆ 224 ಚುಕ್ಕಿಗಳದು. ಟ್ಯೂಬಿನಲ್ಲಿ ಒಂದು ಚುಕ್ಕಿಯ ಬೆಳಕು ಪಕ್ಕದ್ದರ ಅಂಚಿಗೆ ಹರಡುತ್ತದೆ. ಆ ಹರಡುವಿಕೆಯನ್ನು ನೆಚ್ಚಿಯೇ ಕಲಾವಿದರು ಡೈನೋಸಾರಿನ ಚರ್ಮಕ್ಕೆ ನೆರಳು ಕೊಟ್ಟಿದ್ದರು. ಎಲ್‌ಸಿಡಿಯಲ್ಲಿ ಚರ್ಮವಿಲ್ಲ, ಚೌಕಗಳಿವೆ.

ಆದರೆ ಟಿವಿಗೆಂದು ಟ್ಯೂಬು ಮಾಡುತ್ತಿದ್ದ ಕಾರ್ಖಾನೆಗಳು ಮುಚ್ಚಿವೆ. ಒಂದು ಪೆಟ್ಟಿಗೆ ಬದುಕಬೇಕಾದರೆ ಎಲ್ಲೋ ಒಂದು ಟಿವಿಯ ಟ್ಯೂಬು ಬಿಚ್ಚಬೇಕು. ಆ ಟಿವಿಗಳಿಗಾಗಿ ಅಲೆಯುವುದೇ ಈಗ ನನ್ನ ಭಾನುವಾರ. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಹಿಂದೆ ಸಾಲಾಗಿ ಇಟ್ಟಿರುತ್ತಿದ್ದರು, ಈಗ ಕಾಣುವುದೇ ಅಪರೂಪ. ಜಾಲಿ ಮೊಹಲ್ಲಾದ ಒಬ್ಬ ಗುಜರಿ ಹುಡುಗನನ್ನು ಕೇಳಿದಾಗ ಅವನು ಹೇಳಿದ್ದು ಇಷ್ಟು: “ಡಬ್ಬಾ ಟಿವಿ ಬರ್ತವೆ ಸಾರ್. ಆದ್ರೆ ಬಂದ ತಕ್ಷಣ ಒಡೆದುಬಿಡ್ತೀವಿ. ಒಳಗಿನ ತಾಮ್ರಕ್ಕಷ್ಟೇ ರೇಟು. ಗಾಜು ಯಾರಿಗ್ ಬೇಕು?”

ತಾಮ್ರ ಇರುವುದು ಯೋಕಿನಲ್ಲಿ. ಟ್ಯೂಬಿನ ಕೊರಳಿಗೆ ಸುತ್ತಿಕೊಂಡು, ಎಲೆಕ್ಟ್ರಾನಿನ ಕಿರಣವನ್ನು ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ ಓಡಿಸುವ ಸುರುಳಿ ಅದು. ಸ್ಕ್ರೂ ಸಡಿಲಿಸಿ ನಿಧಾನಕ್ಕೆ ಎಳೆದರೆ ಬರುತ್ತದೆ. ಅಷ್ಟು ಪುರಸೊತ್ತು ಗುಜರಿಯಲ್ಲಿ ಯಾರಿಗಿದೆ? ಸುತ್ತಿಗೆಯ ಒಂದೇ ಏಟಿಗೆ ಕೊರಳು ಮುರಿಯುತ್ತದೆ, ಗಾಳಿ ಒಳಗೆ ನುಗ್ಗುತ್ತದೆ, ಇನ್ನೂ ಇಪ್ಪತ್ತು ವರ್ಷ ಬೆಳಗಬಹುದಾಗಿದ್ದ ಟ್ಯೂಬು ಸೀಸ ತುಂಬಿದ ಗಾಜಾಗಿ ಮೂಲೆ ಸೇರುತ್ತದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದಿನದ ದುಡಿಮೆ ಅವನದು. ಮುರಿದ ಕೊರಳುಗಳನ್ನು ನೋಡಿ ಬಂದ ರಾತ್ರಿ ಮಾತ್ರ ಊಟ ರುಚಿಸುವುದಿಲ್ಲ.

ಟ್ಯೂಬಿನ ಜೊತೆಗೇ ಅದನ್ನು ಬಲ್ಲ ಕೈಗಳೂ ಹೋಗುತ್ತಿವೆ. ನನಗೆ ಇದನ್ನೆಲ್ಲ ಕಲಿಸಿದವರು ಟಿವಿ ರಿಪೇರಿ ಅಂಗಡಿಯ ಒಬ್ಬ ಹಿರಿಯರು. ಅಂಗಡಿಯ ಮುಂಭಾಗದಲ್ಲಿ ಈಗ ಅವರ ಮಗ ಮೊಬೈಲ್ ಕವರ್ ಮಾರುತ್ತಾನೆ, ಹಿಂದಿನ ಮೂಲೆಯ ಮೇಜು ಇವರದು. ಪರದೆಯ ನಡುವೆ ಒಂದೇ ಅಡ್ಡಗೆರೆ ನಿಂತಿದ್ದರೆ ಇವರು ಮೀಟರ್ ಮುಟ್ಟುವ ಮೊದಲೇ ವರ್ಟಿಕಲ್ ಐಸಿಯ ಕಾಲುಗಳಲ್ಲಿ ಡ್ರೈ ಸೋಲ್ಡರ್ ಹುಡುಕುತ್ತಾರೆ. ಚಿತ್ರದ ಅಂಚು ಬಳುಕಿದರೆ ಫಿಲ್ಟರ್ ಕಂಡೆನ್ಸರ್. ಇಎಚ್‌ಟಿ ಎಂಬ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರಿನಿಂದ ಟ್ಯೂಬಿನ ನೆತ್ತಿಗೆ ಹೋಗುವ ದಪ್ಪ ವೈರಿನಲ್ಲಿ 20,000 ವೋಲ್ಟಿಗೂ ಮಿಕ್ಕಿದ ವಿದ್ಯುತ್ತು, ಅದರ ಹತ್ತಿರ ಹೋದಾಗಲೆಲ್ಲ ಅವರದು ಒಂದೇ ಮಾತು: “ಎಡಗೈ ಜೇಬಲ್ಲಿ ಇಟ್ಕೊಳಪ್ಪ.” ಎರಡೂ ಕೈ ತಾಗಿದರೆ ಕರೆಂಟು ಎದೆ ಹಾಯ್ದು ಹೋಗುತ್ತದೆ.

ಹಾರಿಜಾಂಟಲ್ ವಿಭಾಗ ಎಚ್ಚೆತ್ತರೆ ಟಿವಿ ಸಣ್ಣಗೆ ಸಿಳ್ಳೆ ಹಾಕುತ್ತದೆ. ಮೊದಲೆಲ್ಲ ಆ ಸಿಳ್ಳೆ ಕೇಳಿಯೇ ಅವರು ಅರ್ಧ ರೋಗ ಪತ್ತೆ ಹಚ್ಚುತ್ತಿದ್ದರು. ವಯಸ್ಸಾದ ಕಿವಿಗೆ ಅಷ್ಟು ಮೇಲಿನ ದನಿ ಮುಟ್ಟುವುದಿಲ್ಲ. ಈಗ ಸ್ವಿಚ್ ಹಾಕಿ ಮೊಮ್ಮಗಳ ಮುಖ ನೋಡುತ್ತಾರೆ: “ಬಂತೇನವ್ವಾ?” ಅವಳು ತಲೆಯಾಡಿಸಿದರೆ ಮುಂದಿನ ಕೆಲಸ.

ಅವರಲ್ಲೊಂದು ರಟ್ಟಿನ ನೋಟ್‌ಬುಕ್ ಇದೆ. ಯಾವ ಮಾಡೆಲ್ಲಿನ ಟಿವಿಯಲ್ಲಿ ಯಾವ ಜಾಗದಲ್ಲಿ ಎಷ್ಟು ವೋಲ್ಟೇಜ್ ಇರಬೇಕು, ಯಾವ ಕಂಡೆನ್ಸರ್ ಮೊದಲು ಉಬ್ಬುತ್ತದೆ, ಯಾವ ಇಎಚ್‌ಟಿಯ ಬದಲಿಗೆ ಯಾವುದು ಕೂರುತ್ತದೆ ಎಂಬುದೆಲ್ಲ ಅದರಲ್ಲಿ ಪೆನ್ಸಿಲಿನಲ್ಲಿದೆ. ಪೆನ್ಸಿಲ್ ಮಾಸುತ್ತಿದೆ. ಅವರು ಓದಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ; ಕೆಲವು ಕಡೆ ಅವರ ಬರಹ ಅವರಿಗೇ ಗುರುತು ಹತ್ತುವುದಿಲ್ಲ, ಆಗ ಟಿವಿಯನ್ನೇ ಬಿಚ್ಚಿ ಅಳೆಯುತ್ತೇವೆ. ಆಟವನ್ನು ಉಳಿಸಲು ಜಗತ್ತಿನಾದ್ಯಂತ ನೂರಾರು ಜನ ದುಡಿದರು. ಈ ನೋಟ್‌ಬುಕ್ಕಿಗೆ ಅಂಥವರು ಸಿಗಲಿಲ್ಲ.

ನಿಮ್ಮ ಅಟ್ಟದ ಮೇಲೆ 21 ಇಂಚಿನ ಹಳೆಯ ಟಿವಿ ಇದ್ದರೆ, ಗುಜರಿಯವನನ್ನು ಕೂಗುವ ಮುನ್ನ ನಿಮ್ಮೂರಿನ ಹಳೆಯ ಟಿವಿ ಮೆಕ್ಯಾನಿಕ್ಕಿಗೆ ಒಮ್ಮೆ ತೋರಿಸಿ. ಹಿಂದಿನ ಮುಚ್ಚಳ ಮಾತ್ರ ನೀವೇ ತೆಗೆಯಬೇಡಿ. ಪ್ಲಗ್ ಕಿತ್ತು ದಿನಗಳಾದರೂ ಟ್ಯೂಬಿನಲ್ಲಿ ವಿದ್ಯುತ್ತು ನಿಂತಿರಬಹುದು. ಹೊತ್ತು ಒಯ್ಯುವಾಗ ಪರದೆಯ ಭಾಗ ಎದೆಗೆ ಒತ್ತಿಕೊಂಡಿರಲಿ, ಭಾರವೆಲ್ಲ ಆ ಕಡೆಗೇ. ಆ ಮೆಕ್ಯಾನಿಕ್ಕಿನ ಬಳಿಯೂ ಒಂದು ರಟ್ಟಿನ ನೋಟ್‌ಬುಕ್ ಇದೆಯೇ ಎಂದು ಕೇಳಿ ನೋಡಿ.